ಟೈರ್ ಬದಲಿಸುವ ಮುಂಚೆ ಹಳೆ ಟೈರ್ ಓದಿ

"ಭಾವ, ಯೊಕೊಹಾಮಾ ಹಾಕಿಸಲಾ, ಮಿಷೆಲಿನ್ ಹಾಕಿಸಲಾ? ಅಂಗಡಿಯವರು ಕಾಂಟಿನೆಂಟಲ್ ಚೆನ್ನಾಗಿದೆ ಅಂತಿದ್ದಾರೆ. ಬೇಗ ಹೇಳಿ, ಗಾಡಿ ಜಾಕ್ ಮೇಲಿದೆ."

ಹೆಂಡತಿಯ ತಮ್ಮನ ಫೋನು. ಅವನದು ಹ್ಯುಂಡೈನ ಐ20 ಎನ್ ಲೈನ್ ಅನ್ನುವ ಸ್ಪೋರ್ಟಿ ಕಾರು, 2021ರ ಕೊನೆಯಲ್ಲಿ ತೆಗೆದುಕೊಂಡದ್ದು. 41,000 ಕಿಲೋಮೀಟರ್ ಓಡಿದೆ. ವಾರವೆಲ್ಲ ವಿಜಯನಗರದಿಂದ ಪೀಣ್ಯಕ್ಕೆ ಆಫೀಸು, ತಿಂಗಳಿಗೊಮ್ಮೆ ಸಕಲೇಶಪುರದ ಹತ್ತಿರದ ಊರು. ಒಂದು ಲೀಟರ್ ಟರ್ಬೊ ಎಂಜಿನ್, 120 ಪಿಎಸ್. ಹಾಸನ ದಾಟಿದ ಮೇಲೆ ಅವನ ಬಲಗಾಲು ಸುಮ್ನೆ ಇರುವುದಿಲ್ಲ.

"ಗಾಡಿ ಇಳಿಸೋಕೆ ಹೇಳು, ಭಾನುವಾರ ನೋಡೋಣ" ಅಂದೆ. ಅಂಗಡಿಯವರಿಗೆ ಬೇಜಾರಾಗಿರಬೇಕು. ಆದರೆ ಮೂವತ್ತು ನಲವತ್ತು ಸಾವಿರದ ಸಾಮಾನನ್ನು ಗಾಡಿ ಜಾಕ್ ಮೇಲೆ ಏರಿದ ಮೇಲೆ ಆರಿಸಬಾರದು. ಇಂಥ ಫೋನು ನನಗೆ ಬರುತ್ತಲೇ ಇರುತ್ತವೆ. ಎಲ್ಲರೂ ಕೇಳುವುದು ಯಾವ ಕಂಪನಿ ಅಂತ. ನಾನು ಕೇಳುವುದು ಹಳೆ ಟೈರ್ ಹೇಗೆ ಹಾಳಾಯಿತು ಅಂತ. ನಿಮ್ಮ ರಸ್ತೆ, ನಿಮ್ಮ ಓಡಿಸುವ ರೀತಿ, ನೀವು ಮಾಡಿದ ತಪ್ಪು ಎಲ್ಲವೂ ಆ ರಬ್ಬರ್ ಮೇಲೆ ಬರೆದಿರುತ್ತದೆ. ಅದನ್ನು ಓದದೆ ಹೊಸದು ಕೊಂಡರೆ ಅದೇ ಕತೆ ಮತ್ತೆ ಶುರು.

ಭಾನುವಾರ ಅವನ ಮನೆ ಮುಂದೆ ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಮೊಬೈಲ್ ಟಾರ್ಚ್ ಹಿಡಿದು ಕೂತೆವು. ಎಡಗಡೆ ಮುಂದಿನ ಟೈರು ಹೊರಗಿನಿಂದ ನೋಡಿದರೆ ಇನ್ನೂ ಚೆನ್ನಾಗಿತ್ತು, ಮೇಲಿನ ಗೀರುಗಳು ನಾಲ್ಕು ಮಿಲಿಮೀಟರ್ ಆಳ ಇದ್ದವು, ಆ ಆಳವನ್ನೇ ಗ್ರಿಪ್ ಅನ್ನುವುದು. ಒಳ ಅಂಚಿಗೆ ಕೈ ಹಾಕಿದರೆ ಬೋಳು. ಅಂಗೈಯನ್ನು ಒಂದು ಕಡೆಗೆ ಸವರಿದರೆ ನುಣುಪು, ತಿರುಗಿಸಿ ಸವರಿದರೆ ಮೀನಿನ ಹುರುಪೆ ಎದುರು ಸವರಿದ ಹಾಗೆ ಚುಚ್ಚುತ್ತಿತ್ತು. ಅದು ಅಲೈನ್‌ಮೆಂಟ್, ಅಂದರೆ ಚಕ್ರಗಳು ನೇರ ಕೂರುವ ಲೆಕ್ಕ, ಕೆಟ್ಟದ್ದರ ಗುರುತು. ಹಿಂದಿನ ಎಡ ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್‌ನಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು. "ಇದು ಯಾವಾಗ?" ಅಂದೆ. "ನೆಲಮಂಗಲದ ಹತ್ತಿರ ಒಂದು ಗುಂಡಿ ಹಾರಿಸಿದ್ದೆ, ಏನೂ ಆಗಿರಲಿಲ್ಲ" ಅಂದ. ಆಗಿತ್ತು. ಒಳಗಿನ ದಾರಗಳು ಹರಿದಿದ್ದರಿಂದಲೇ ಉಬ್ಬು ಬರುವುದು. ಅಂಥ ಟೈರನ್ನು ಒಂದು ದಿನವೂ ಹೈವೇಗೆ ಒಯ್ಯಬಾರದು, ಗ್ರಿಪ್ ಎಷ್ಟೇ ಉಳಿದಿರಲಿ.

ನಿಮ್ಮ ಟೈರನ್ನೂ ಹೀಗೆ ನೋಡಿ. ಬರೀ ನಡುಭಾಗ ಸವೆದಿದ್ದರೆ ಗಾಳಿ ಜಾಸ್ತಿ ಹಾಕಿಸುತ್ತಿದ್ದೀರಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚಾದರೆ ಅಲೈನ್‌ಮೆಂಟ್. ಎಲ್ಲ ಕಡೆ ಸಮನಾಗಿ, ಅದೂ 25,000ಕ್ಕೇ ಸವೆದಿದ್ದರೆ ದೋಷ ಟೈರಿನದಲ್ಲ, ಬಲಗಾಲಿನದು. ಗ್ರಿಪ್ ಬೇಕಾದಷ್ಟಿದ್ದರೂ ರಬ್ಬರ್ ಗಟ್ಟಿಯಾಗಿ ಸಣ್ಣ ಸಣ್ಣ ಬಿರುಕು ಬಿಟ್ಟಿದ್ದರೆ ಅದು ಓಡಿ ಸತ್ತದ್ದಲ್ಲ, ನಿಂತು ಸತ್ತದ್ದು. ಈ ಕೊನೆಯದು ಆರಿಸುವಾಗ ಎಲ್ಲಕ್ಕಿಂತ ಮುಖ್ಯ, ಮುಂದೆ ಹೇಳುತ್ತೇನೆ.

ಯಾವುದನ್ನು ನೋಡಬೇಕು

ನನ್ನ ಲೆಕ್ಕದಲ್ಲಿ ಮೊದಲನೆಯದು ಮಳೆಯಲ್ಲಿ ಬ್ರೇಕು. ಒಣ ರಸ್ತೆಯಲ್ಲಿ ಇವತ್ತಿನ ಯಾವ ಒಳ್ಳೆಯ ಟೈರೂ ಮನೆಗೆ ತಲುಪಿಸುತ್ತದೆ. ವ್ಯತ್ಯಾಸ ಗೊತ್ತಾಗುವುದು ಏಪ್ರಿಲ್‌ನ ಮೊದಲ ಮಳೆಗೆ ಧೂಳು ಎಣ್ಣೆ ಎಲ್ಲ ಸೇರಿ ರಸ್ತೆ ಸಾಬೂನಾದಾಗ, ಜುಲೈನಲ್ಲಿ ಶಿರಾಡಿ ಘಾಟಿ ಇಳಿಯುವಾಗ. ಟೈರಿನ ಗೀರುಗಳು ನೀರನ್ನು ಹೊರಗೆ ತಳ್ಳಬೇಕು. ತಳ್ಳಲಾಗದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತದೆ, ಆಗ ಸ್ಟೀರಿಂಗ್ ಕೈಯಲ್ಲಿ ಹಗುರಾಗಿಬಿಡುತ್ತದೆ. ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ. ಗ್ರಿಪ್‌ಗೆ ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್. ಗೀರಿನ ತಳದಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬಗಳಿರುತ್ತವೆ, ಗ್ರಿಪ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ಮಲೆನಾಡಿಗೆ ಹೋಗಿಬರುವವರು ಅಷ್ಟು ಕಾಯಬೇಡಿ. 3 ಮಿಲಿಮೀಟರ್‌ಗೆ ಬಂದರೆ ಮಳೆಗಾಲಕ್ಕೆ ಮುಂಚೆಯೇ ಬದಲಿಸಿ.

ಎರಡನೆಯದು ಗುಂಡಿ ತಾಳುವ ಶಕ್ತಿ. ಮೂರನೆಯದು ವರ್ಷಕ್ಕೆ ನೀವು ಎಷ್ಟು ಓಡಿಸುತ್ತೀರಿ ಎನ್ನುವುದು. ಆಮೇಲೆ ಸದ್ದು. ಬೆಂಗಳೂರಿನಲ್ಲಿ ವೈಟ್ ಟಾಪಿಂಗ್ ಅನ್ನುವ ಕಾಂಕ್ರೀಟ್ ರಸ್ತೆ ಬಂದ ಮೇಲೆ ಇದು ದೊಡ್ಡ ವಿಷಯವಾಗಿದೆ. ಡಾಂಬರಿನ ಮೇಲೆ ಮಾತಾಡದ ಟೈರ್ ಕಾಂಕ್ರೀಟಿನ ಮೇಲೆ ಗೊಂಯ್ ಅನ್ನುತ್ತದೆ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗಬೇಕು ಅನ್ನುವ ಆಸೆ ಸ್ಪೋರ್ಟಿ ಕಾರಿನವರಿಗೆ ಸಹಜ, ಅದೂ ಪಟ್ಟಿಯಲ್ಲಿರಲಿ. ಪೆಟ್ರೋಲ್ ಉಳಿತಾಯವನ್ನು ನಾನು ಕೊನೆಗೆ ಇಡುತ್ತೇನೆ. ಟರ್ಬೊ ತೆಗೆದುಕೊಂಡವರು ಅದನ್ನು ಮೊದಲು ಕೇಳಿದರೆ ನನಗೆ ನಗು ಬರುತ್ತದೆ.

ಒಂದು ಮಾತು ನೆನಪಿಡಿ. ಇವೆಲ್ಲ ಒಂದೇ ಟೈರಿನಲ್ಲಿ ಸಿಗುವುದಿಲ್ಲ. ಮೆತ್ತನೆಯ ರಬ್ಬರ್ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ಸೈಡ್‌ವಾಲ್ ತಿರುವಿನಲ್ಲಿ ಮಜಾ ಕೊಡುತ್ತದೆ, ರಸ್ತೆ ಹಂಪಿನ ಮೇಲೆ ಸೊಂಟಕ್ಕೆ ಲೆಕ್ಕ ಕೇಳುತ್ತದೆ.

ಸೈಜಿನ ಗೊಂದಲ ಮೊದಲು ಮುಗಿಸೋಣ

ಅವನ ಟೈರಿನ ಮೇಲೆ 195/55 ಆರ್16 87ವಿ ಅಂತಿತ್ತು. ಬಲೆನೊದ ಮೇಲಿನ ಮಾಡೆಲ್‌ಗಳಿಗೂ ಇದೇ ಸೈಜು. 195 ಅಂದರೆ ಮಿಲಿಮೀಟರಿನಲ್ಲಿ ಅಗಲ. 55 ಅಂದರೆ ಸೈಡ್‌ವಾಲ್‌ನ ಎತ್ತರ ಆ ಅಗಲದ ನೂರಕ್ಕೆ 55 ಪಾಲು, ಅಂದರೆ 107 ಮಿಲಿಮೀಟರ್. 16 ಇಂಚಿನ ರಿಮ್ಮು. 87 ಅಂದರೆ ಒಂದು ಟೈರು 545 ಕಿಲೋ ಹೊರುತ್ತದೆ. ವಿ ಅಂದರೆ ಗಂಟೆಗೆ 240 ಕಿಲೋಮೀಟರ್ ತನಕದ ವೇಗಕ್ಕೆ ಮಾಡಿದ್ದು. ಈ ಕೊನೆಯ ಎರಡರಲ್ಲಿ ಮೇಲೆ ಹೋಗಬಹುದು, ಕೆಳಗೆ ಇಳಿಯಬಾರದು. "ಸರ್, ನೀವೇನು 200ರಲ್ಲಿ ಹೋಗ್ತೀರಾ?" ಅಂತ ಹೇಳಿ ಕಡಿಮೆ ರೇಟಿಂಗಿನ ಟೈರ್ ಕೊಡಲು ನೋಡುತ್ತಾರೆ. ಆ ಅಕ್ಷರ ಹೇಳುವುದು ವೇಗದ ಬಗ್ಗೆ ಮಾತ್ರವಲ್ಲ, ಟೈರ್ ಎಷ್ಟು ಬಿಸಿ ತಡೆಯುತ್ತದೆ ಎನ್ನುವುದನ್ನೂ. ಬೇಡ ಅನ್ನಿ.

ಅಗಲದ ಟೈರ್ ಹಾಕಿಸುವ ಆಸೆಯೂ ಸಾಮಾನ್ಯ. 205/55 ಆರ್16 ಹಾಕಿದರೆ ಟೈರಿನ ಒಟ್ಟು ಎತ್ತರ 621ರಿಂದ 632 ಮಿಲಿಮೀಟರ್ ಆಗುತ್ತದೆ, ನೂರಕ್ಕೆ ಎರಡರ ಹತ್ತಿರ ಹೆಚ್ಚು. ಗಾಡಿ ಸ್ವಲ್ಪ ಎತ್ತರವಾಗುತ್ತದೆ, ರಸ್ತೆ ಹಂಪು ದಾಟಲು ಒಳ್ಳೆಯದೇ. ಆದರೆ ಪಿಕಪ್ ಒಂದು ಚೂರು ಮಂದ, ಸ್ಪೀಡೋಮೀಟರ್ ತೋರಿಸುವುದಕ್ಕಿಂತ ನಿಜವಾದ ವೇಗ ಒಂದು ಚೂರು ಜಾಸ್ತಿ. ಚಕ್ರದ ಮೇಲಿನ ಫೆಂಡರ್ ಒಳಗೆ ಉಜ್ಜುತ್ತದಾ ಅಂತ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಹಿಂದೆ ಮೂವರನ್ನು ಕೂರಿಸಿ ನೋಡಲೇಬೇಕು. 17 ಇಂಚಿನ ಅಲಾಯ್ ಹಾಕಿಸಿ 215/45ಕ್ಕೆ ಹೋಗುವವರೂ ಇದ್ದಾರೆ. ನೋಡಲು ಚೆಂದ. ಎತ್ತರವೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಸೈಡ್‌ವಾಲ್ 107ರಿಂದ 97ಕ್ಕೆ ಇಳಿಯುತ್ತದೆ. ಆ ಹತ್ತು ಮಿಲಿಮೀಟರ್ ರಬ್ಬರೇ ಗುಂಡಿಗೂ ರಿಮ್ಮಿಗೂ ನಡುವೆ ಇರುವ ದಿಂಬು. ಉಬ್ಬು ಬಂದ ಟೈರ್ ಎದುರಿಗೆ ಇಟ್ಟುಕೊಂಡು ಅವನೂ ಅದನ್ನೇ ಕೇಳಿದ. ನಾನು ಟೈರ್ ಕಡೆ ಕೈ ತೋರಿಸಿದೆ ಅಷ್ಟೇ.

ಈಗ ಟೈರುಗಳು

ಅಂಗಡಿಯಲ್ಲಿ ಹತ್ತು ಹೆಸರು ಹೇಳುತ್ತಾರೆ, ಆದರೆ ಜಾತಿ ಇರುವುದು ಮೂರೇ.

ಮೊದಲನೆಯದು ಬಾಳಿಕೆಯ ಟೈರು. ಸಿಯೆಟ್ ಮೈಲೇಜ್ ಎಕ್ಸ್3, ಅಪೊಲೊ ಅಮೇಜರ್ 4ಜಿ ಲೈಫ್, ಗುಡ್‌ಇಯರ್ ಅಶ್ಯೂರೆನ್ಸ್ ಡ್ಯುರಾಪ್ಲಸ್ ಈ ಜಾತಿಯವು. ಹೆಸರೇ ಹೇಳುತ್ತದೆ ಅಲ್ವಾ? ರಬ್ಬರ್ ಗಟ್ಟಿ, ಜಾಸ್ತಿ ಓಡುತ್ತವೆ, ಬೆಲೆ ಕಡಿಮೆ. ದಿನಾ ನೂರು ಕಿಲೋಮೀಟರ್ ಓಡಿಸುವವರಿಗೆ, ಟ್ಯಾಕ್ಸಿಯವರಿಗೆ ಇವು ಸರಿ. ಸ್ಪೋರ್ಟಿ ಕಾರಿಗೆ ನಾನು ಹೇಳುವುದಿಲ್ಲ. ಎಂಜಿನ್ ಕೊಡುವ ಶಕ್ತಿಯನ್ನು ಟೈರ್ ರಸ್ತೆಗೆ ಇಳಿಸದಿದ್ದರೆ ಟರ್ಬೊಗೆ ಕೊಟ್ಟ ದುಡ್ಡು ಎಲ್ಲಿ ಹೋಯಿತು? ಇವನ್ನು ಹಾಕಿಸಿದ ಸ್ನೇಹಿತನೊಬ್ಬನ ಗಾಡಿ ಮಳೆಯಲ್ಲಿ ಸಿಗ್ನಲ್ ಬಿಟ್ಟ ಕೂಡಲೇ ಮುಂದಿನ ಚಕ್ರ ಕಿರ್ರ್ ಅನ್ನಿಸುತ್ತದೆ, ಆಮೇಲೆ ಹೊರಡುತ್ತದೆ.

ಎರಡನೆಯದು ಟೂರಿಂಗ್ ಟೈರು. ಮಿಷೆಲಿನ್ ಪ್ರೈಮಸಿ 4 ಎಸ್‌ಟಿ, ಬ್ರಿಡ್ಜ್‌ಸ್ಟೋನ್ ಟುರಾನ್ಜಾ, ಯೊಕೊಹಾಮಾ ಬ್ಲೂಅರ್ತ್ ಜಿಟಿ, ಗುಡ್‌ಇಯರ್ ಅಶ್ಯೂರೆನ್ಸ್ ಟ್ರಿಪಲ್‌ಮ್ಯಾಕ್ಸ್ 2. ಇವುಗಳ ಮುಖ್ಯ ಕೆಲಸ ಮಳೆಯಲ್ಲಿ ನಿಲ್ಲಿಸುವುದು, ಸದ್ದಿಲ್ಲದೆ ಓಡುವುದು. ಒಳಗೊಳಗೂ ಫರಕಿದೆ. ಪ್ರೈಮಸಿಯ ಮೇಲೆ ಕೂತರೆ ಗಾಡಿ ಒಂದು ದರ್ಜೆ ಮೇಲಿನದು ಅನ್ನಿಸುವಷ್ಟು ಮೌನ. ಆದರೆ ತಿರುವಿಗೆ ಹಾಕಿದರೆ ಒಂದು ಕ್ಷಣ ಯೋಚಿಸಿ ತಿರುಗುತ್ತದೆ. ಬ್ಲೂಅರ್ತ್ ಜಿಟಿ ಇನ್ನೂ ಸ್ವಲ್ಪ ಚುರುಕು, ಆರಾಮವೂ ಇದೆ. ಬೆಲೆಯಲ್ಲಿ ಪ್ರೈಮಸಿಗಿಂತ ಕೆಳಗೆ.

ಮೂರನೆಯದು ಸ್ಪೋರ್ಟ್ ಕಡೆಗೆ ವಾಲಿದ್ದು. ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಯುಸಿ6 ಎರಡಕ್ಕೂ ಮೂರಕ್ಕೂ ನಡುವಿನದು. ಮಳೆಯಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ, ಸ್ಟೀರಿಂಗ್ ಹೇಳಿದ ಮಾತು ಕೇಳುತ್ತದೆ, ಸದ್ದು ಪ್ರೈಮಸಿಗಿಂತ ಜಾಸ್ತಿ. ಅಪೊಲೊದ ಆಲ್ನಾಕ್ 4ಜಿ ಕಡಿಮೆ ಬೆಲೆಯಲ್ಲಿ ಈ ಸ್ವಭಾವ ಕೊಡುತ್ತದೆ. ಅದರ ಸೈಡ್‌ವಾಲ್ ಗಟ್ಟಿ ಅನ್ನಿಸುತ್ತದೆ, ಹಂಪಿನ ಮೇಲೆ ಗೊತ್ತಾಗುತ್ತದೆ. ಇನ್ನೂ ಮೇಲೆ ಹೋದರೆ ಮಿಷೆಲಿನ್ ಪೈಲಟ್ ಸ್ಪೋರ್ಟ್ ಥರದ್ದು. ನಮ್ಮಲ್ಲಿ ಅವು ಹೆಚ್ಚಾಗಿ 17 ಇಂಚಿನಿಂದ ಮೇಲಿನ ರಿಮ್ಮಿಗೆ. 16ಕ್ಕೆ ಸಿಕ್ಕರೆ ಅದೃಷ್ಟ.

ಸಿಗುವುದು ಬಿಡುವುದು ಅಂದಾಗ ಒಂದು ವಿಷಯ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರಗಿನಿಂದ ಬರುವ ಟೈರ್‌ಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಅಲ್ಲಿಂದ ಇಲ್ಲಿ ತಯಾರಾಗದ ಸೈಜುಗಳ ಸರಬರಾಜು ಹಾವು ಏಣಿ ಆಟದ ಹಾಗಾಯಿತು. ಯಾರೋ ಹೊಗಳಿದ ಟೈರ್‌ಗೇ ಜೋತುಬೀಳಬೇಡಿ. ನಾಲ್ಕೂ ಒಂದೇ ಕಡೆ, ಒಂದೇ ಸಲ ಸಿಗುವ ಎರಡನೆಯ ಆಯ್ಕೆ, ಬಾರದೇ ಇರುವ ಮೊದಲ ಆಯ್ಕೆಗಿಂತ ಮೇಲು.

ನಮ್ಮ ಮೈಸೂರಿನ ಟೈರ್ ಯಾಕೆ ಇಲ್ಲ ಅಂತ ಕೇಳುವವರಿದ್ದಾರೆ. ವಿಕ್ರಾಂತ್ ಹೆಸರು ಹಳಬರಿಗೆ ನೆನಪಿದೆ. 1997ರಲ್ಲಿ ಅದನ್ನು ಜೆಕೆ ಟೈರ್ ತೆಗೆದುಕೊಂಡಿತು, ಕಾರ್ಖಾನೆ ಈಗಲೂ ಮೈಸೂರಿನಲ್ಲಿದೆ. ಜೆಕೆಯ ಯುಎಕ್ಸ್ ರಾಯಲ್ ಸಾಲಿನಲ್ಲಿ ನಿಮ್ಮ ಸೈಜು ಇದ್ದರೆ ಆಲ್ನಾಕ್ ಪಕ್ಕದಲ್ಲಿಟ್ಟು ಚೌಕಾಸಿ ಮಾಡಿ. ಅಭಿಮಾನಕ್ಕೆ ಮಾತ್ರ ಕೊಳ್ಳಬೇಡಿ.

ದುಡ್ಡಿನ ಲೆಕ್ಕ

ನಾವು ಮೂರು ಅಂಗಡಿ ಕೇಳಿದೆವು. ಈ ಸೈಜಿಗೆ ದೇಶಿ ಬ್ರಾಂಡುಗಳು ಒಂದಕ್ಕೆ ಆರೂವರೆ ಏಳು ಸಾವಿರ, ನಡುವಿನವು ಎಂಟರ ಆಚೆ ಈಚೆ, ಮಿಷೆಲಿನ್ ಹತ್ತರ ಹತ್ತಿರ ಹೇಳಿದರು. ಊರಿಗೊಂದು ರೇಟು, ತಿಂಗಳಿಗೊಂದು ರೇಟು, ಕೇಳಿಯೇ ತೀರಬೇಕು. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ಮುಂಚೆ ತೆರಿಗೆ ಸೇರಿ 10,000 ಇದ್ದದ್ದು ಸುಮಾರು 9,220 ಆಗಬೇಕು. ಹಳೆ ಪಟ್ಟಿ ತೋರಿಸಿ ಡಿಸ್ಕೌಂಟ್ ಕೊಟ್ಟೆ ಅನ್ನುವವರ ಬಿಲ್ಲಿನಲ್ಲಿ ತೆರಿಗೆ ಎಷ್ಟು ಹಾಕಿದ್ದಾರೆ ನೋಡಿ.

ಬೆಲೆಯನ್ನು ಟೈರಿಗೆ ಅಲ್ಲ, ಕಿಲೋಮೀಟರಿಗೆ ಲೆಕ್ಕ ಹಾಕಬೇಕು ಅಂತ ಎಲ್ಲರೂ ಹೇಳುತ್ತಾರೆ. 28,000ದ ಸೆಟ್ಟು 50,000 ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ 56 ಪೈಸೆ. 38,000ದ ಸೆಟ್ಟು 40,000 ಬಂದರೆ 95 ಪೈಸೆ. ವರ್ಷಕ್ಕೆ 10,000 ಓಡಿಸುವವರಿಗೆ ವ್ಯತ್ಯಾಸ 3,900 ರೂಪಾಯಿ. ಈ ಲೆಕ್ಕ ಸರಿ, ಆದರೆ ಅರ್ಧ ಮಾತ್ರ. ನೀವು ವರ್ಷಕ್ಕೆ ಓಡಿಸುವುದೇ 6,000 ಅನ್ನಿ. 50,000 ಬಾಳುವ ಟೈರ್ ಮುಗಿಯಲು ಎಂಟು ವರ್ಷಕ್ಕೂ ಜಾಸ್ತಿ ಬೇಕು. ನಮ್ಮ ಬಿಸಿಲಿಗೆ ನಿಂತ ಗಾಡಿಯ ರಬ್ಬರ್ ಅಷ್ಟು ವರ್ಷ ಮೆತ್ತಗೆ ಉಳಿಯುವುದಿಲ್ಲ. ಐದು ವರ್ಷ ಆದ ಮೇಲೆ ವರ್ಷ ವರ್ಷ ತೋರಿಸಬೇಕು, ಆರಕ್ಕೆ ನಾನಂತೂ ಬದಲಿಸುತ್ತೇನೆ. ಅಂದರೆ ಕಡಿಮೆ ಓಡಿಸುವವರು ಬಾಳಿಕೆಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ. ನಿಂತು ಸತ್ತ ಟೈರ್ ಅಂದೆನಲ್ಲ, ಅದನ್ನು ಕಂಡವರು ಮೆತ್ತನೆಯ, ಹಿಡಿತ ಇರುವ ಟೈರನ್ನೇ ಧೈರ್ಯವಾಗಿ ಕೊಳ್ಳಿ. ಸವೆದು ಮುಗಿಯುವ ಮುಂಚೆ ಹೇಗೂ ವಯಸ್ಸಾಗುತ್ತದೆ.

ಯಾರಿಗೆ ಯಾವುದು

ನಗರದಲ್ಲೇ ಸುತ್ತುವವರು, ಮನೆಯಲ್ಲಿ ವಯಸ್ಸಾದವರನ್ನು ಕರೆದೊಯ್ಯುವವರು, ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ವಾರ ವಾರ ಹೋಗುವವರು ಟೂರಿಂಗ್ ಜಾತಿಗೆ ಹೋಗಿ. ದುಡ್ಡಿದ್ದರೆ ಪ್ರೈಮಸಿ, ಕೈ ಬಿಗಿಯಿದ್ದರೆ ಟ್ರಿಪಲ್‌ಮ್ಯಾಕ್ಸ್. ಚಾರ್ಮಾಡಿ, ಆಗುಂಬೆ ಅಂತ ಘಾಟಿಯಲ್ಲೇ ಖುಷಿ ಕಾಣುವವರಿಗೆ ಯುಸಿ6. ಬಜೆಟ್ 28,000 ದಾಟಬಾರದು, ಆದರೂ ಸ್ಟೀರಿಂಗ್ ಚುರುಕಾಗಿರಬೇಕು ಅನ್ನುವವರಿಗೆ ಆಲ್ನಾಕ್. ಇನ್ನು ಒಂದೆರಡು ವರ್ಷದಲ್ಲಿ ಗಾಡಿ ಮಾರುವವರು ದುಬಾರಿ ಟೈರ್ ಹಾಕಿಸಬೇಡಿ. ಕೊಳ್ಳುವವನು ಗ್ರಿಪ್ ನೋಡುತ್ತಾನೆ, ಹೆಸರಿಗೆ ದುಡ್ಡು ಕೊಡುವುದಿಲ್ಲ.

ಎರಡೇ ಟೈರಿಗೆ ದುಡ್ಡಿದ್ದರೆ? ಹಾಕಿಸಿ, ಆದರೆ ಹೊಸದು ಹಿಂದಕ್ಕೆ. ಮುಂದಿನ ಚಕ್ರ ಎಳೆಯುವ ಗಾಡಿಗೂ ಇದೇ ನಿಯಮ. ಅಂಗಡಿಯಲ್ಲಿ ಮುಂದಕ್ಕೇ ಹಾಕಲು ಹೋಗುತ್ತಾರೆ, ಜಗಳ ಆಡಿಯಾದರೂ ತಪ್ಪಿಸಿ. ಮಳೆಯಲ್ಲಿ ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ, ಕಾಲು ತೆಗೆದರೆ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ. ಅದನ್ನು ಸರಿಪಡಿಸುವುದು ನಮ್ಮ ನಿಮ್ಮಂಥವರ ಕೈಯಲ್ಲಿ ಆಗುವ ಕೆಲಸವಲ್ಲ.

ಅಂಗಡಿಯಲ್ಲಿ

ಹಿಂದೊಮ್ಮೆ ನಾನೇ ಮೋಸ ಹೋಗಿದ್ದೇನೆ. ಒಳ್ಳೆಯ ರೇಟಿಗೆ ನಾಲ್ಕು ಟೈರ್ ಹಾಕಿಸಿಕೊಂಡು ಬಂದು ಮನೆಯಲ್ಲಿ ನೋಡಿದರೆ ಎರಡು ಮೂರು ವರ್ಷ ಹಳೆಯವು. ಸೈಡ್‌ವಾಲ್‌ನಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2325 ಅಂತಿದ್ದರೆ 2025ರ 23ನೇ ವಾರ ತಯಾರಾದದ್ದು. ಆರು ತಿಂಗಳೊಳಗಿನದು ಒಳ್ಳೆಯದು, ಒಂದು ವರ್ಷ ದಾಟಿದ್ದರೆ ಬೇರೆ ಕೇಳಿ. ಇದನ್ನು ರಿಮ್ಮಿಗೆ ಏರಿಸುವ ಮುಂಚೆ ನೋಡಬೇಕು. ಈ ಅಂಕಿ ಟೈರಿನ ಒಂದೇ ಮಗ್ಗುಲಲ್ಲಿರುತ್ತದೆ, ಅದು ಒಳಗಡೆ ಹೋದರೆ ಆಮೇಲೆ ಗಾಡಿ ಕೆಳಗೆ ಮಲಗಿ ಹುಡುಕಬೇಕು. ಐಎಸ್‌ಐ ಗುರುತೂ ಇರಬೇಕು.

ವಾಲ್ವ್ ಹೊಸದು ಹಾಕಿಸಿ, ಅದರಲ್ಲಿ ಜಿಪುಣತನ ಬೇಡ. ನೈಟ್ರೋಜನ್ ಬಿಟ್ಟಿ ಹಾಕಿದರೆ ಹಾಕಿಸಿಕೊಳ್ಳಿ, ದುಡ್ಡು ಕೇಳಿದರೆ ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಅಂತ ಹೇಳಿ ನಗಿ. ಗಾಳಿ ಎಷ್ಟು ಅನ್ನುವುದು ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರ್‌ನಲ್ಲಿರುತ್ತದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸುವುದಲ್ಲ.

ಭಾಮೈದ ಕೊನೆಗೆ ಬ್ಲೂಅರ್ತ್ ಜಿಟಿ ಹಾಕಿಸಿದ. ಯುಸಿ6 ಮೇಲೆ ಅವನಿಗೆ ಕಣ್ಣಿತ್ತು, ಆದರೆ ಅಂಗಡಿಯಲ್ಲಿ ಎರಡೇ ಇದ್ದವು. ಇನ್ನೆರಡು ಬರಲು ಎರಡು ವಾರ ಅಂದರು, ಉಬ್ಬು ಬಂದ ಟೈರ್ ಕಾಯುವ ಹಾಗಿರಲಿಲ್ಲ. ಅಲೈನ್‌ಮೆಂಟ್ ಮಾಡಿಸಿದಾಗ ಮುಂದಿನ ಎಡಚಕ್ರದ ಅಂಕಿ ಸ್ಕ್ರೀನ್ ಮೇಲೆ ಕೆಂಪಾಗಿತ್ತು, ಹುಡುಗ ಕೆಳಗೆ ಹೋಗಿ ಎರಡು ಸಲ ಸ್ಪ್ಯಾನರ್ ತಿರುಗಿಸಿದ ಮೇಲೆ ಹಸಿರಾಯಿತು. ಆ ಪ್ರಿಂಟ್ ತೆಗೆದುಕೊಂಡು ಗ್ಲವ್ ಬಾಕ್ಸ್‌ನಲ್ಲಿ ಇಡಿಸಿದೆ.

ಸಂಜೆಯೇ ಫೋನು. "ಭಾವ, ತಿರುವಿನಲ್ಲಿ ಒಂಥರಾ ಜಾರಿದ ಹಾಗಾಗುತ್ತೆ, ಟೈರ್ ಸರಿ ಇಲ್ವಾ?"

"ಎಷ್ಟು ಓಡಿದೆ?"

"ನಲವತ್ತು ಕಿಲೋಮೀಟರ್."

ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ನುಣುಪು ಪದರ ಇರುತ್ತದೆ. ಮುನ್ನೂರು ಕಿಲೋಮೀಟರ್ ಓಡುವ ತನಕ ಮೆಲ್ಲಗೆ ಹೋಗು, ಅಲ್ಲಿಯ ತನಕ ಊರಿನ ಘಾಟಿ ಕಡೆ ತಲೆ ಹಾಕಬೇಡ ಅಂದೆ.